ಕೋರಿಕೆ ನಿಲುಗಡೆ

ಮಾಗಡಿ
18 ಡಿಸೆಂಬರ್ 2005

ಪ್ರತಿಮಾ,

ಈ ಕಾಗದ ನಿನ್ನ ಕೈ ಸೇರುವಷ್ಟರಲ್ಲಿ ಸುದ್ದಿ ಕಿವಿಗೆ ಬಿದ್ದಿರುತ್ತದೆ. ನಮ್ಮೂರು ಬೈರಮಂಗಲದವರ ಬಾಯಿ ಅಂಚೆಗಿಂತ ವೇಗ. ನೀನು ಕೇಳಿದ್ದೆಲ್ಲ ನಿಜ. ಮನೆಯನ್ನು ಬಿಡದಿಯ ಕಾರ್ಖಾನೆಗೆ ಹೋಗುವ ಇಬ್ಬರು ಕೆಲಸಗಾರರ ಸಂಸಾರಕ್ಕೆ ಬಾಡಿಗೆಗೆ ಕೊಟ್ಟಾಯಿತು. ನಾನೂ ನಿಮ್ಮಪ್ಪನೂ ಹಳೆಯ ಮೆಟಡಾರ್ ವ್ಯಾನಿನಲ್ಲಿ ಸಂಸಾರ ಹೂಡಿದ್ದೇವೆ. ಚನ್ನಪಟ್ಟಣದ ಇದ್ರೀಸ್ ತನ್ನ ಗ್ಯಾರೇಜಿನಲ್ಲಿ ಸೀಟುಗಳನ್ನೆಲ್ಲ ಕಿತ್ತು ಒಂದು ಮಂಚ, ಒಲೆ ಇಡಲು ಕಟ್ಟೆ, ನೀರಿನ ಡ್ರಮ್ಮು, ಪಾತ್ರೆ ಉರುಳದ ಹಾಗೆ ಅಡ್ಡಪಟ್ಟಿಯ ಗೂಡು ಎಲ್ಲ ಮಾಡಿಕೊಟ್ಟಿದ್ದಾನೆ. ಕಿಟಕಿಗೆ ನನ್ನ ಹಳೆಯ ಸೀರೆಯ ಪರದೆ.

ಯಾಕೆ ಅಂತ ಕೇಳುತ್ತೀಯ. ನಿಮ್ಮಪ್ಪ ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿದರು. ಕನಕಪುರ, ರಾಮನಗರ, ಮಾಗಡಿ, ಚನ್ನಪಟ್ಟಣ, ಈ ನಾಲ್ಕು ಊರಿನ ಒಂದು ರಸ್ತೆಯನ್ನೂ ಬಿಟ್ಟಿಲ್ಲ. ಆದರೆ ಎಲ್ಲೂ ಇಳಿದು ಕೂತವರಲ್ಲ. ‘ಕೋರಿಕೆ ನಿಲುಗಡೆ’ ಅಂತ ಬೋರ್ಡು ಹಾಕಿರುತ್ತಾರಲ್ಲ, ಅದೆಲ್ಲ ಬೇರೆಯವರ ಕೋರಿಕೆ. ನಿವೃತ್ತಿಯಾದ ದಿನ ಹಾರ ಬಿಚ್ಚಿಡುತ್ತಾ ಅಂದಿದ್ದರು: “ಊರೂರ್ ಒಗ್ಗರಣೆ ವಾಸ್ನೆ ಕುಡ್ದು ಕುಡ್ದು ಗಾಡಿ ಎತ್ತಿದ್ದೀನಿ ಕಣೆ. ಇನ್ಮೇಲೆ ನಂಗೆಲ್ಲಿ ಬೇಕೋ ಅಲ್ಲಿ ನಿಲ್ಸ್ತೀನಿ.”

ನನ್ನ ಕಾರಣ ಬೇರೆ. ನಮ್ಮ ಕೆರೆಯ ನೀರಿನ ಮೇಲೆ ಈಗ ಮೊಣಕಾಲುದ್ದ ನೊರೆ ನಿಲ್ಲುತ್ತದೆ. ಹಿತ್ತಲ ದಂಟು ಬೇಯಿಸಿದರೆ ಅಡುಗೆಮನೆಯೆಲ್ಲ ಸಾಬೂನಿನ ವಾಸನೆ. ಸೊಪ್ಪಿಗೆ ಸೊಪ್ಪಿನ ರುಚಿ ಇರುವ ಊರುಗಳು ಇನ್ನೂ ಎಷ್ಟಿವೆಯೋ, ಅವು ಇರುವಾಗಲೇ ತಿಂದುಬಿಡಬೇಕು ಅನ್ನಿಸಿತು.

ಇಲ್ಲಿ ಅವರೆಕಾಯಿಯ ಸುಗ್ಗಿ. ಸಂತೆಗೆ ಕಾಲಿಟ್ಟರೆ ಸೊಗಡು ಮೂಗಿಗೆ ಹೊಡೆಯುತ್ತದೆ. ನಿನ್ನೆ ಬಸ್‌ ನಿಲ್ದಾಣದ ಹಿಂದಿನ ಒಂದು ಮೆಸ್ಸಿನಲ್ಲಿ ಹಿತಕಿದ ಬೇಳೆ ಸಾರು ತಿಂದೆವು. ನಾನು ಮಾಡುವುದಕ್ಕಿಂತ ಚೆನ್ನಾಗಿತ್ತು. ಇದನ್ನು ನಿಮ್ಮಪ್ಪನಿಗೆ ಹೇಳಿಲ್ಲ, ನಿನಗೆ ಹೇಳುತ್ತಿದ್ದೇನೆ.

ನಿಮ್ಮ ಮನೆಯ ಫೋನು ಬೀಗರ ಕುರ್ಚಿಯ ಪಕ್ಕದಲ್ಲೇ ಇರುವುದರಿಂದ ಕಾಗದವೇ ವಾಸಿ. ಇದ್ರೀಸ್ ಗ್ಯಾರೇಜಿನ ವಿಳಾಸಕ್ಕೆ ಬರೆ. ಹದಿನೈದು ದಿನಕ್ಕೊಮ್ಮೆ ಅಲ್ಲಿಗೆ ಹೋಗುತ್ತೇವೆ. ಧನುಶ್ರೀಗೆ ಅಜ್ಜಿಯ ಮುತ್ತು.

ನಿನ್ನ ಅಮ್ಮ,
ಸರಸಮ್ಮ

*

ಕನಕಪುರ
2 ಜನವರಿ 2006

ಅಮ್ಮ,

ನಿನ್ನ ಕಾಗದವನ್ನು ಮಾವನವರೇ ಒಡೆದು ಓದಿದರು. ಹಾಗಾಗಿ ಕುರ್ಚಿಯ ಮಾತೂ ಅವರಿಗೆ ಗೊತ್ತಾಯಿತು.

ಸೊಸೈಟಿಯಲ್ಲಿ ಯಾರೋ ಅವರನ್ನು ಕೇಳಿದರಂತೆ, “ರಾಮಲಿಂಗಯ್ಯನೋರೆ, ನಿಮ್ ಬೀಗ್ರು ವ್ಯಾನ್‌ನಾಗೆ ಗುಡ್ಲು ಹಾಕವ್ರಂತೆ, ಮನೆ ಏನಾಯ್ತು?” ಅಂತ. ಅವರು ಮನೆಗೆ ಬಂದು ಊಟ ಮಾಡಲಿಲ್ಲ. “ಮೇಷ್ಟ್ರಮ್ಮ ಅಂತ ಮರ್ಯಾದೆ ಮಡಗಿದ್ದೆ. ಪಿಂಚಣಿ ಬತ್ತದೆ, ಮನೆ ಐತೆ, ಬೀದಿ ತಿರುಗೋ ದರ್ದೇನು?” ಅಂತ ನನ್ನನ್ನು ಕೇಳಿದರು. ನಿನ್ನ ಅಳಿಯ ಎಂದಿನಂತೆ ಪೇಪರ್ ಓದುತ್ತಿದ್ದರು.

ಸಂಕ್ರಾಂತಿಗೆ ಬರುವುದಾದರೆ ವ್ಯಾನನ್ನು ಬಸ್ ನಿಲ್ದಾಣದ ಹತ್ತಿರ ಬಿಟ್ಟು ಆಟೋದಲ್ಲಿ ಬನ್ನಿ. ಇಷ್ಟನ್ನಾದರೂ ನನಗೋಸ್ಕರ ಮಾಡು. ಈ ಮನೆಯಲ್ಲಿ ಇರುವವಳು ನಾನು, ನೀನಲ್ಲ. ಅಪ್ಪನ ಸಕ್ಕರೆ ಎಷ್ಟಿದೆ ಅಂತ ಕಂಡಕಂಡಲ್ಲಿ ತಿನ್ನಿಸುತ್ತಿದ್ದೀಯ?

ಪ್ರತಿಮಾ

*

ಉಯ್ಯಂಬಳ್ಳಿ
29 ಜನವರಿ 2006

ಪ್ರತಿಮಾ,

ಸಂಕ್ರಾಂತಿಗೆ ನಾವು ಬರಲಿಲ್ಲ. ನೀನು ಕಾದೆಯೋ ಇಲ್ಲವೋ ಗೊತ್ತಿಲ್ಲ. ನಾವು ಕದ್ದ ಮಾಲಿನಲ್ಲಿ ತಿರುಗುತ್ತಿಲ್ಲ, ಅದನ್ನು ಬಸ್ ನಿಲ್ದಾಣದಲ್ಲಿ ಅಡಗಿಸಿಟ್ಟು ಮಗಳ ಮನೆಗೆ ಬರಲು. ವ್ಯಾನು ನಿಮ್ಮ ಬಾಗಿಲಿಗೆ ಬರಬಾರದು ಎಂದರೆ ನಾವೂ ಬರುವುದಿಲ್ಲ. ಇದನ್ನು ಬೀಗರು ಒಡೆದು ಓದಿಕೊಳ್ಳಲಿ, ಅಕ್ಷರ ಗುಂಡಗೆ ಬರೆದಿದ್ದೇನೆ.

ದರ್ದು ಏನು ಅಂತ ಕೇಳಿದರಲ್ಲ, ಹೇಳುತ್ತೇನೆ. ಮೊನ್ನೆ ಇಲ್ಲೊಂದು ಹೊಲದ ಬದುವಿನಲ್ಲಿ ವ್ಯಾನು ನಿಲ್ಲಿಸಿದ್ದೆವು. ರಾಗಿ ಕಣ ಮಾಡುತ್ತಿದ್ದವರು ಊಟಕ್ಕೆ ಕರೆದರು. ಹುರುಳಿಕಾಳಿನ ಬಸ್ಸಾರು. ಯಜಮಾನಿ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು, “ಇನ್ನೊಂದ್ ಸೌಟು ಬುಡ್ಲಾ ತಾಯಿ?” ಎಂದಳು. ತಟ್ಟೆಯನ್ನು ಮುಂದಕ್ಕೆ ಚಾಚಿದೆ ಕಣೇ. ಶಾಲೆಗೆ ಹೊರಡುವ ಮೊದಲು ಅಡುಗೆ, ಬಂದ ಮೇಲೆ ಅಡುಗೆ, ಮೂವತ್ತೈದು ವರ್ಷ ಮಾಡಿದೆ. ‘ಇನ್ನೊಂದು ಸೌಟು ಹಾಕಲೇ’ ಅಂತ ನನ್ನನ್ನು ಯಾರು ಕೇಳಿದ್ದರು? ನಿನ್ನ ತಪ್ಪಲ್ಲ, ಯಾರ ತಪ್ಪೂ ಅಲ್ಲ. ಕೇಳಲಿಲ್ಲ, ಅಷ್ಟೆ.

ಇನ್ನೊಂದು ವಿಷಯ. ಅವರ ಅಳಿಯ ಈಚಲು ಮರದಿಂದ ಮಡಕೆ ಇಳಿಸಿದ್ದ. ನಿಮ್ಮಪ್ಪನಿಗೆ ಕೊಡಲು ಬಂದ. ಸಕ್ಕರೆ ಕಾಯಿಲೆಯವರಿಗೆ ಬೇಡ ಅಂತ ಆ ಲೋಟ ನಾನು ಇಸಿದುಕೊಂಡೆ. ಹುಳಿ, ಸಿಹಿ, ಒಸಿ ಹೊಗೆ. ಐವತ್ತೊಂಬತ್ತು ವರ್ಷಕ್ಕೆ ಮೊದಲ ಸಲ ಹೆಂಡದ ರುಚಿ ನೋಡಿದೆ. ನಿಮ್ಮಪ್ಪ ನಕ್ಕು ನಕ್ಕು ಕೆಮ್ಮಿದರು. “ಇಸ್ಕೂಲ್ ಮಕ್ಕಳು ನೋಡಿದ್ರೆ ಏನ್ ಅಂದಾವು?” ಎಂದರು. ನನ್ನ ಶಾಲೆಯ ಮಕ್ಕಳಿಗೆ ಈಗ ಮಕ್ಕಳಾಗಿವೆ, ಅನ್ನಲಿ ಬಿಡಿ ಎಂದೆ.

ನಿಮ್ಮಪ್ಪನಿಗೆ ನಾನು ಕೊಡುವುದು ಅರ್ಧ ಮುದ್ದೆ, ಸಾರು, ಸೊಪ್ಪು. ಡಿಪೋದಲ್ಲಿ ಬನ್ನು ಟೀ ತಿಂದುಕೊಂಡಿದ್ದಾಗ ಬಂದ ಸಕ್ಕರೆ ಅದು, ವ್ಯಾನಿನಲ್ಲಿ ಬಂದದ್ದಲ್ಲ.

ಅಮ್ಮ

*

ಕನಕಪುರ
19 ಏಪ್ರಿಲ್ 2006

ಅಮ್ಮ,

ಎರಡೂವರೆ ತಿಂಗಳು ನಾನು ಬರೆಯಲಿಲ್ಲ. ನೀನು ಫೆಬ್ರವರಿಯಲ್ಲಿ ಬರೆದ ಎರಡು ಕಾಗದವೂ ಬಂದವು. ಸಿಟ್ಟಿತ್ತು. ಈಗಲೂ ಇದೆ.

ಆದರೆ ನಿನ್ನೆ ಇದ್ರೀಸ್ ಮಾಮ ಮನೆಗೆ ಫೋನು ಮಾಡಿದ್ದರು. ಎತ್ತಿದವರು ಮಾವನವರು. “ನಿಮ್ಮಪ್ಪ ಗಾಡಿ ತಗೊಂಡೋಗಿ ಮರಕ್ಕೆ ಕೊಟ್ಟವ್ರಂತೆ, ಹತ್ತು ದಿನ ಆಯ್ತಂತೆ” ಅಂತ ಅವರ ಬಾಯಿಂದ ಕೇಳಬೇಕಾಯಿತು. ಹತ್ತು ದಿನ! ಇಲ್ಲಿಂದ ಚನ್ನಪಟ್ಟಣ ಎಷ್ಟು ದೂರ? ನಾನು ನಿಮಗೆ ಯಾರೂ ಅಲ್ಲವೇ?

ಅಪ್ಪ ಹೇಗಿದ್ದಾರೆ, ಅದನ್ನು ಮಾತ್ರ ಬರೆ.

ಪ್ರತಿಮಾ

*

ಚನ್ನಪಟ್ಟಣ
27 ಏಪ್ರಿಲ್ 2006

ಪ್ರತಿಮಾ,

ಹಣೆಗೆ ಮೂರು ಹೊಲಿಗೆ ಬಿದ್ದಿದ್ದವು, ಮಾಗಿದೆ. ನನ್ನ ಎಡಗೈ ಮಣಿಕಟ್ಟು ಉಳುಕಿತ್ತು, ಅದೂ ಸರಿಹೋಯಿತು. ಮಾಗದೆ ಇರುವುದು ಬೇರೆ ಇದೆ.

ಹಾರೋಹಳ್ಳಿಯ ಹತ್ತಿರ, ಹಗಲು ಹನ್ನೊಂದು ಗಂಟೆ, ಬೆಳ್ಳನೆ ಬಿಸಿಲು. ರಸ್ತೆಯ ಎಡಕ್ಕೆ ಕಲ್ಲು ತುಂಬಿದ ಲಾರಿ ನಿಂತಿತ್ತು. ಅಷ್ಟು ದೊಡ್ಡ ಲಾರಿ. ನಿಮ್ಮಪ್ಪ ನೇರ ಅದರ ಮೇಲೇ ಹೋಗುತ್ತಿದ್ದರು. ನಾನು ಕೂಗಿಕೊಂಡೆ. ತಿರುಗಿಸಿದರು. ವ್ಯಾನು ಹಳ್ಳಕ್ಕಿಳಿದು ಹುಣಸೆ ಮರಕ್ಕೆ ಮೂಗು ಕೊಟ್ಟು ನಿಂತಿತು.

ರಾಮನಗರದ ಕಣ್ಣಿನ ಡಾಕ್ಟರು ನೋಡಿ, ಸಕ್ಕರೆ ಎಡಗಣ್ಣನ್ನು ಪೂರ್ತಿ ತಿಂದಿದೆ, ಬಲಗಣ್ಣಿನಲ್ಲಿ ಅರ್ಧ ಉಳಿದಿದೆ, ಇನ್ನು ಗಾಡಿ ಮುಟ್ಟಬಾರದು ಎಂದರು. ಅಷ್ಟೇ ಆಗಿದ್ದರೆ ಸಹಿಸುತ್ತಿದ್ದೆ. ನಿಮ್ಮಪ್ಪನಿಗೆ ಇದು ಮೊದಲೇ ಗೊತ್ತಿತ್ತು. ಐದಾರು ತಿಂಗಳಿಂದ ಗೊತ್ತಿತ್ತು. ದಾರಿಯುದ್ದಕ್ಕೂ “ಆ ಬೋರ್ಡ್‌ನಾಗೆ ಏನ್ ಬರ್ದವ್ರೆ, ಒಸಿ ಓದು ಮೇಷ್ಟ್ರಮ್ಮ” ಅನ್ನುತ್ತಿದ್ದರು. ತಮಾಷೆಗೆ ಅಂದುಕೊಂಡು ನಾನು ರಾಗವಾಗಿ ಓದುತ್ತಿದ್ದೆ.

ಎರಡು ದಿನ ನಾನು ಅವರ ಜೊತೆ ಮಾತಾಡಲಿಲ್ಲ. ಆಮೇಲೆ ನೋಡಿದರೆ ಅವರೇ ಮಾತು ಬಿಟ್ಟಿದ್ದರು. ಮೂವತ್ತೊಂದು ವರ್ಷ ಒಂದು ಕೋಳಿಗೂ ಗಾಲಿ ತಾಗಿಸಿದವರಲ್ಲ. ಇದ್ರೀಸನ ಗ್ಯಾರೇಜಿನ ಹಿಂದೆ ವ್ಯಾನು ನಿಂತಿದೆ. ಅವರು ಅದರೊಳಗಿನ ಮಂಚದ ಮೇಲೆ ಗೋಡೆ ಕಡೆ ತಿರುಗಿ ಮಲಗಿದ್ದಾರೆ. ಇದ್ರೀಸನ ಹೆಂಡತಿ ವಜೀರಾ ದಿನವೂ ಏನಾದರೂ ಮಾಡಿ ತರುತ್ತಾಳೆ. ಮುಟ್ಟುವುದಿಲ್ಲ.

ನಿನಗೆ ತಿಳಿಸಲಿಲ್ಲ, ಯಾಕೆಂದರೆ ನೀನು ಏನು ಹೇಳುತ್ತೀಯ ಅಂತ ನನಗೆ ಗೊತ್ತಿತ್ತು. ಅದನ್ನು ಕೇಳುವ ಶಕ್ತಿ ಆಗ ಇರಲಿಲ್ಲ.

ಅಮ್ಮ

*

ಕನಕಪುರ
8 ಮೇ 2006

ಅಮ್ಮ,

ನಾನು ಏನು ಹೇಳುತ್ತೇನೆ ಅಂತ ನಿನಗೆ ಗೊತ್ತಿದ್ದರೂ ಹೇಳುತ್ತೇನೆ. ಇಲ್ಲಿಗೆ ಬನ್ನಿ.

ಮಾವನವರೇ ಒಪ್ಪಿದ್ದಾರೆ. ಹಿಂದೆ ರೇಷ್ಮೆ ಹುಳು ಸಾಕುತ್ತಿದ್ದ ಕೋಣೆ ಖಾಲಿಯಿದೆ, ಸುಣ್ಣ ಹೊಡೆಸುತ್ತಾರಂತೆ. ವ್ಯಾನು ಮಾರಬೇಕು, ಅದೊಂದೇ ಷರತ್ತು. “ಮಾರ್ಬುಟ್ಟು ಬರ್ಲಿ. ವಯಸ್ಸಾದೋರು ವಯಸ್ಸಾದೋರಂಗೆ ಇರ್ಲಿ” ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅಪ್ಪನ ಕಣ್ಣಿನ ಸುದ್ದಿ ಕೇಳಿ ಅವರಿಗೂ ಬೇಜಾರಾಗಿದೆ.

ಇನ್ನೇನು ಉಳಿದಿದೆ ಅಮ್ಮ? ಓಡಿಸುವವರೇ ಇಲ್ಲದ ಗಾಡಿಯಲ್ಲಿ ಎಷ್ಟು ದಿನ ಕೂರುತ್ತೀರಿ?

ಪ್ರತಿಮಾ

*

ಚನ್ನಪಟ್ಟಣ
28 ಮೇ 2006

ಪ್ರತಿಮಾ,

ಬೀಗರಿಗೆ ನನ್ನ ನಮಸ್ಕಾರ ಹೇಳು. ಕೋಣೆಗೆ ಸುಣ್ಣ ಹೊಡೆಸುವುದು ಬೇಡ.

ನಿನ್ನ ಕಾಗದವನ್ನು ನಿಮ್ಮಪ್ಪನಿಗೆ ಗಟ್ಟಿಯಾಗಿ ಓದಿ ಹೇಳಿದೆ. ‘ಓಡಿಸುವವರೇ ಇಲ್ಲದ ಗಾಡಿ’ ಎನ್ನುವಲ್ಲಿ ಅವರ ಬೆನ್ನು ಸಣ್ಣಗೆ ಅಲುಗಿತು. ಮುಖ ತಿರುಗಿಸಲಿಲ್ಲ. ನಾನು ಕಾಗದ ಮಡಿಸಿಟ್ಟು ಇದ್ರೀಸನ ಹತ್ತಿರ ಹೋಗಿ, ನನಗೆ ಓಡಿಸಲು ಕಲಿಸು ಎಂದೆ.

“ಅರೆ ಟೀಚರಮ್ಮ, ಕೈಮುಗೀತೀನಿ. ಈಗ ತಾನೇ ಮೂತಿ ನೆಟ್ಟಗೆ ಮಾಡಿದ್ದೀನಿ” ಎಂದ.

“ನಿಮ್ಮೂರ ಮಕ್ಕಳಿಗೆ ಮಗ್ಗಿ ಕಲಿಸಿದವಳಪ್ಪಾ ನಾನು. ಅದಕ್ಕಿಂತ ಕಷ್ಟವಾ ಇದು?” ಎಂದೆ.

ಕಲಿಕೆಯ ಲೈಸೆನ್ಸು ಮಾಡಿಸಿಕೊಂಡು, ಮೊನ್ನೆ ಬೆಳಿಗ್ಗೆ ನೀರಿಲ್ಲದ ಕೆರೆಯಂಗಳಕ್ಕೆ ವ್ಯಾನು ಒಯ್ದೆವು. ಪಕ್ಕದಲ್ಲಿ ಇದ್ರೀಸ್. ಹಿಂದಿನ ಮಂಚದ ಮೇಲೆ ನಿಮ್ಮಪ್ಪ, ಗೋಡೆ ನೋಡುತ್ತಾ. ಮೊದಲ ಸಲ ಗಾಡಿ ಕುಪ್ಪಳಿಸಿ ನಿಂತಿತು. ಎರಡನೆಯ ಸಲವೂ ಅಷ್ಟೆ. ಮೂರನೆಯ ಸಲ ಹೇಗೋ ಹೊರಟಿತು. ಎರಡನೇ ಗೇರಿಗೆ ಹಾಕಲು ಹೋದೆ ನೋಡು, ಕಲ್ಲು ಅರೆದ ಹಾಗೆ ಸದ್ದು! ಇದ್ರೀಸ್ ಕಣ್ಣು ಮುಚ್ಚಿಕೊಂಡ. ಆಗ ಹಿಂದಿನಿಂದ ಗುಡುಗಿದ ಹಾಗೆ ದನಿ ಬಂತು:

“ಕ್ಲಚ್ಚು ಪೂರ್ತಿ ಒತ್ತೇ! ಗಾಡಿ ಅಳ್ತಾ ಐತೆ, ಕೇಳುಸ್ತಿಲ್ವಾ ನಿಂಗೆ?”

ಒಂದೂವರೆ ತಿಂಗಳ ಮೇಲೆ ಅವರ ಗಂಟಲಿನಿಂದ ಬಂದ ಮೊದಲ ಮಾತು. ನಾನು ಪೂರ್ತಿ ಒತ್ತಿದೆ. ಗೇರು ಬಿತ್ತು. ಇದ್ರೀಸ್ ಕಣ್ಣು ಬಿಟ್ಟು ಹಿಂದೆ ನೋಡಿ, ಮತ್ತೆ ಮುಂದೆ ನೋಡಿ, ಏನೂ ಆಗಿಲ್ಲದವನ ಹಾಗೆ ಕೂತ. ಮಧ್ಯಾಹ್ನದ ಹೊತ್ತಿಗೆ ನಿಮ್ಮಪ್ಪ ಮಂಚ ಬಿಟ್ಟು ನನ್ನ ಸೀಟಿನ ಹಿಂದೆ ಕಂಬಿ ಹಿಡಿದು ನಿಂತಿದ್ದರು. ಅವರಿಗೆ ಕಣ್ಣು ಬೇಕಿಲ್ಲ ಕಣೇ. ಎಂಜಿನ್ನಿನ ಸದ್ದು ಕೇಳಿಯೇ “ಈಗ ಮೂರು... ಇಳ್ಸು, ಇಳ್ಸು, ಏರು ಬಂತು” ಎನ್ನುತ್ತಾರೆ.

ಸಂಜೆ ವಜೀರಾ ತಂದ ಖುಷ್ಕವನ್ನು ಒಂದು ತುತ್ತೂ ಬಿಡದೆ ತಿಂದರು. ಅರ್ಧ ತಟ್ಟೆ ಸಾಕು ಅಂತ ನಾನೂ ಹೇಳಲಿಲ್ಲ.

ವಯಸ್ಸಾದವರು ಹೇಗಿರಬೇಕು ಅಂತ ಬೀಗರಿಗೆ ಗೊತ್ತಿದೆ. ನಮಗಿನ್ನೂ ಗೊತ್ತಿಲ್ಲ, ಹುಡುಕುತ್ತಿದ್ದೇವೆ.

ಅಮ್ಮ

*

ರಾಮನಗರ
16 ಜುಲೈ 2006

ಪ್ರತಿಮಾ,

ಲೈಸೆನ್ಸು ಬಂತು. ಮೊದಲ ಸಲ ಫೇಲಾಗಿದ್ದೆ, ಅದನ್ನು ನಿನಗೆ ಬರೆಯಲಿಲ್ಲ. ಹಿಂದಕ್ಕೆ ತೆಗೆಯುವಾಗ ಎರಡು ಕಂಬ ಬೀಳಿಸಿದೆ. ಪರೀಕ್ಷೆ ಮಾಡುವ ಸಾಹೇಬರು, “ಅಜ್ಜಿ, ಈ ವಯಸ್ಸಿಗೆ ಯಾಕೆ ಬೇಕಿತ್ತು? ಮೊಮ್ಮಕ್ಕಳನ್ನ ಆಡುಸ್ಕೊಂಡಿರಿ” ಎಂದರು. ಸುತ್ತ ನಿಂತ ಹುಡುಗರು ಕಿಸಕ್ಕೆಂದರು. ನಾನು ಅಂದೆ, “ಸ್ವಾಮಿ, ಫೇಲು ಮಾಡಿ. ತಪ್ಪು ಮಾಡಿದ್ದೇನೆ, ನ್ಯಾಯ. ವಯಸ್ಸಿನ ಕಾಲಮ್ಮು ಅರ್ಜಿಯಲ್ಲಿದೆ, ಬಾಯಲ್ಲಿ ಬೇಡ.” ಹದಿನೈದು ದಿನ ಬಿಟ್ಟು ಮತ್ತೆ ಹೋದೆ. ಅದೇ ಸಾಹೇಬರು ಪಕ್ಕದಲ್ಲಿ ಕೂತರು. ಒಂದು ಕಂಬವೂ ಅಲುಗಲಿಲ್ಲ. ಇಳಿಯುವಾಗ, “ನಮ್ಮ ತಾಯಿಯೋರು ಮನೆ ಬಾಗಿಲು ದಾಟದೆ ಹನ್ನೆರಡು ವರ್ಷ ಆಯ್ತಮ್ಮ” ಅಂದರು. ಯಾಕೆ ಅಂದರೋ.

ಇಲ್ಲಿ ಮಾವಿನ ಕೊನೆ ದಿನಗಳು. ನಿನ್ನೆ ರಾಮನಗರದಿಂದ ಮಾಗಡಿಯವರೆಗೆ ನಾನೇ ಓಡಿಸಿ ವಾಪಸ್ಸು ತಂದೆ. ಬಸ್ಸಿನವರು ಹಿಂದೆ ಹಾರ್ನು ಹೊಡೆದು ಹೊಡೆದು, ಮುಂದೆ ಹೋಗುವಾಗ ಬಗ್ಗಿ ನೋಡಿದರು. ನಿಮ್ಮಪ್ಪ ಕಿಟಕಿಯಿಂದ ಕೈಬೀಸಿ, “ನೋಡ್ರಲಾ ನೋಡ್ರಿ! ನನ್ ಹೆಂಡ್ರು ಕಣ್ರಲಾ!” ಅಂತ ಕೂಗಿದರು. ನಾಚಿಕೆಯಾಯಿತು. ಬೇಡ ಅಂತ ಮಾತ್ರ ಹೇಳಲಿಲ್ಲ.

ನೀನು ಬರೆದು ಎರಡು ತಿಂಗಳಾಯಿತು.

ಅಮ್ಮ

*

ಕನಕಪುರ
31 ಜುಲೈ 2006

ಅಮ್ಮ,

ನಿನ್ನ ಕಾಗದಗಳನ್ನು ಮಾವನವರು ಒಡೆಯುವ ಮೊದಲೇ ಅತ್ತೆ ಎತ್ತಿಟ್ಟುಕೊಂಡು ನನ್ನ ಸೀರೆ ಮಡಿಕೆಯೊಳಗೆ ಇಡುತ್ತಿದ್ದಾರೆ. ಹೇಳಿ ಮಾಡುತ್ತಿಲ್ಲ. ನಾನೂ ಕೇಳಿಲ್ಲ.

ಸಂಕ್ರಾಂತಿಯ ದಿನ ನಾನು ಕಾದಿದ್ದೆ. ಎರಡು ಆಟೋ ಬಂದವು, ಎರಡೂ ಸಲ ಬಾಗಿಲಿಗೆ ಹೋದೆ. ಅವತ್ತು ನಿನ್ನ ಮೇಲೆ ಬಂದ ಸಿಟ್ಟು ನಿಜವಾಗಿ ನನ್ನ ಮೇಲೇ ಇರಬೇಕಿತ್ತು. ಬಿ.ಎಡ್. ಮುಗಿಸಿ ಒಂಬತ್ತು ವರ್ಷ ಆಯಿತು. ಕೆಲಸಕ್ಕೆ ಹೋಗುತ್ತೇನೆ ಅಂತ ಮಾವನವರನ್ನು ಒಮ್ಮೆ ಕೇಳಿದ್ದೆ, ನೋಡೋಣ ಎಂದಿದ್ದರು. ಇನ್ನೂ ನೋಡುತ್ತಿದ್ದಾರೆ. ದಿನಾ ಎಲ್ಲರೂ ಉಂಡೆದ್ದ ಮೇಲೆ ನಾನೂ ಅತ್ತೆಯೂ ತಣ್ಣಗಾದದ್ದನ್ನು ಉಣ್ಣುತ್ತೇವೆ. ಧನು ಮೊನ್ನೆ ಕೇಳಿದಳು: “ಅಮ್ಮ, ದೊಡ್ಡವಳಾದ್ಮೇಲೆ ನಾನೂ ಕೊನೇಲೇ ಉಣ್ಬೇಕಾ?”

ಹದಿಮೂರನೇ ತಾರೀಖು ಭಾನುವಾರ ಬನ್ನಿ. ಆಟೋದಲ್ಲಿ ಬರಬೇಡಿ. ವ್ಯಾನು ಗೇಟಿನ ಮುಂದೆಯೇ ನಿಲ್ಲಲಿ. ನೀನೇ ಓಡಿಸಿಕೊಂಡು ಬಾ. ಅಡುಗೆ ನಾನು ಮಾಡಿರುತ್ತೇನೆ. ಒಳಗೆ ಕರೆಯುತ್ತಾರೋ ಇಲ್ಲವೋ ಗೊತ್ತಿಲ್ಲ, ಕರೆಯದಿದ್ದರೆ ನಾನೇ ಹೊರಗೆ ಬರುತ್ತೇನೆ.

ಪ್ರತಿಮಾ

*

ಕನಕಪುರ
16 ಆಗಸ್ಟ್ 2006

ಅಮ್ಮ,

ಭಾನುವಾರ ನೀನು ರಸ್ತೆಯ ಮೇಲೆ ಕಣ್ಣಿಟ್ಟು ಹೊರಟುಹೋದೆ. ಹಿಂದೆ ಈ ಮನೆಯೊಳಗೆ ನಡೆದದ್ದನ್ನು ನಿನಗೆ ತಿಳಿಸಬೇಕು.

ನಿಮ್ಮ ವ್ಯಾನು ಬಂದು ನಿಂತಾಗ ಮಾವನವರು ಕುರ್ಚಿಯಿಂದ ಏಳಲಿಲ್ಲ. “ಬಸ್‌ ಸ್ಟ್ಯಾಂಡ್‌ನಾಗೆ ನಿಲ್ಸಕ್ಕೆ ಹೇಳು, ಒಳಕ್ಕೆ ಬರ್ಲಿ” ಎಂದರು. ನಿನ್ನ ಅಳಿಯ ಪೇಪರಿನ ಪುಟ ತಿರುವಿದರು. ನಾನು ಸಾರಿನ ಪಾತ್ರೆ ಎತ್ತಿಕೊಂಡೆ, ಧನು ಮುದ್ದೆಯ ತಟ್ಟೆ ಹಿಡಿದಳು, ಹೊರಗೆ ಬಂದೆವು. ಆಮೇಲಿನದನ್ನು ನೀನೇ ನೋಡಿದ್ದೀಯ. ವ್ಯಾನಿನ ಪಕ್ಕ ಕೂತು ನಾವು ಒಟ್ಟಿಗೆ ಉಂಡದ್ದನ್ನು ಬೀದಿಯವರೆಲ್ಲ ನೋಡಿದರು. ಮಾವನವರು ಬಾಗಿಲಲ್ಲಿ ನಿಂತು ಮೂರು ಸಲ “ಪ್ರತಿಮಾ, ಒಳಕ್ಕೆ ಬಾ” ಎಂದಾಗ “ಉಂಡು ಬತ್ತೀನಿ ಮಾವ” ಅಂತ ನಾನು ಹೇಳಿದೆನಲ್ಲ, ಆಗ ನಾನೆಷ್ಟು ಹೆದರಿದ್ದೆ ಅಂತ ನಿನಗೆ ಗೊತ್ತಾಗಲಿಲ್ಲ. ಅಪ್ಪನಿಗೆ ಗೊತ್ತಾಯಿತು. ನನ್ನ ಮಂಡಿಯ ಮೇಲೆ ಕೈಯಿಟ್ಟು ಕೂತಿದ್ದರು.

ನೀವು ಹೋದ ಮೇಲೆ ಒಳಗೆ ಬಂದೆ. ಮಾವನವರಿಗೆ ಬಡಿಸಲು ಅತ್ತೆ ನಿಂತಿದ್ದರು. ಮಾವನವರು, “ಬೀದೀಲಿ ಕುಂತು ಉಂಡ್ಯಲ್ಲ, ಮಾನ ಐತಾ?” ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಸೌಟು ಕೆಳಗಿಟ್ಟರು. ನಮ್ಮತ್ತೆ ದೊಡ್ಡಲಕ್ಷ್ಮಮ್ಮನವರು ಜೋರಾಗಿ ಮಾತಾಡಿದ್ದನ್ನು ನಾನು ಈ ಒಂಬತ್ತು ವರ್ಷದಲ್ಲಿ ಕೇಳಿರಲಿಲ್ಲ. ಅವತ್ತೂ ಜೋರಾಗಿ ಆಡಲಿಲ್ಲ.

“ನಲವತ್ತೆರಡ್ ವರ್ಸ ಮುದ್ದೆ ತಿರುವಿದ್ದೀನಿ. ಬಿಸಿ ಮುದ್ದೆ ನುಂಗುದ್ರೆ ಗಂಟ್ಲಲ್ಲಿ ಎಂಗಿರ್ತದೆ ಅಂತ ನಂಗ್ ಗೊತ್ತಿಲ್ಲ” ಎಂದರು. ಎಂದು, ಮಾವನವರಿಗೆ ಅಂತ ತೆಗೆದಿದ್ದ ತಟ್ಟೆಯನ್ನು ತಮ್ಮ ಮುಂದೆ ಎಳೆದುಕೊಂಡು, ಅಲ್ಲೇ ನೆಲದ ಮೇಲೆ ಕೂತು ಉಣ್ಣಲು ಶುರುಮಾಡಿದರು.

ನಿನ್ನ ಅಳಿಯ ಪೇಪರ್ ಮಡಿಸಿದರು. ಮಾವನವರಿಗೆ ಬಡಿಸಲು ನಾನು ಹೊರಟೆ, ಅತ್ತೆ ಎಡಗೈಯಲ್ಲಿ ನನ್ನ ಸೆರಗು ಹಿಡಿದು, “ಕುಂತ್ಕೊ. ಅವ್ರಿಗೂ ಕೈ ಐತೆ” ಎಂದರು. ಕೊನೆಗೆ ಮಾವನವರು ತಾವೇ ಅಡುಗೆಮನೆಗೆ ಹೋದರು. ತಟ್ಟೆ ಎಲ್ಲಿದೆ ಅಂತ ತಿಳಿಯದೆ ಮೂರು ಡಬ್ಬ ತೆರೆದ ಸದ್ದು ಕೇಳಿಸಿತು. ಅತ್ತೆ ನಿಧಾನವಾಗಿ, ಸಾರು ಸುರಿದು ಸುರಿದು ಉಂಡರು.

ಮೂರು ದಿನದಿಂದ ಮಾವನವರು ಯಾರ ಹತ್ತಿರವೂ ಮಾತಾಡಿಲ್ಲ. ಮಾತಾಡಿದಾಗ ಏನು ಹೇಳುತ್ತಾರೋ ಹೇಳಲಿ. ನಾನು ಇವತ್ತು ಬೆಳಿಗ್ಗೆ ಇಲ್ಲಿಯ ಒಂದು ಖಾಸಗಿ ಶಾಲೆಗೆ ಹೋಗಿ ಅರ್ಜಿ ಕೊಟ್ಟು ಬಂದೆ. ಹೋಗುವಾಗ ನಿನ್ನ ಅಳಿಯ ಬೈಕಿನಲ್ಲಿ ಬಿಡಲೇ ಎಂದರು. ನಡೆದೇ ಹೋಗುತ್ತೇನೆ ಎಂದೆ.

ಅತ್ತೆ ಎರಡು ದಿನದಿಂದ ಒಂದೇ ಮಾತು ಕೇಳುತ್ತಿದ್ದಾರೆ: “ನಿಮ್ಮವ್ವ ಸಂಗಮದ್ ಕಡೀಕೆ ಯಾವಾಗ ಹೋದಾರು? ಹೊಳೆ ಮೀನು ತಿಂದು ಬಾಳ ವರ್ಸ ಆಯ್ತು.” ಅವರಿಗೆ ಮಂಡಿ ನೋವು, ನಿನ್ನ ವ್ಯಾನಿನ ಬಾಗಿಲು ತುಂಬಾ ಎತ್ತರ. ಇದ್ರೀಸ್ ಮಾಮನಿಗೆ ಹೇಳಿ ಕೆಳಗೆ ಇನ್ನೊಂದು ಮೆಟ್ಟಿಲು ಬೆಸುಗೆ ಹಾಕಿಸು.

ನಿನ್ನ ಮಗಳು,
ಪ್ರತಿಮಾ